ಎಡಕ್ಕೆ ವಾಲುವ ಕೋಟು

ಬೀದಿಯವರೆಲ್ಲ ಆಕೆಯನ್ನು ಕರೆಯುವುದು ಕತ್ತರಿ ಅಕ್ಕ ಎಂದು. ಕೈಯಲ್ಲಿರುವ ಕತ್ತರಿಗೋ, ಬಾಯಲ್ಲಿರುವ ಕತ್ತರಿಗೋ ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ. ಮೂವತ್ತೆಂಟು ವರ್ಷ ಒಂದೇ ಹೊಲಿಗೆ ಯಂತ್ರ ತುಳಿದು ಎರಡೂ ಮಂಡಿ ಸವೆಸಿಕೊಂಡವಳು. ಆ ದಿನ ಗಿರಾಕಿಯೊಬ್ಬಳು ಬಟ್ಟೆಯ ಜೊತೆ ಮರೆತುಹೋದ ಪುಸ್ತಕದ ಮುಖಪುಟ ನೋಡಿ ಆಕೆಯ ಕಾಲು ತಟ್ಟನೆ ನಿಂತಿತು. ಅಲ್ಲಿ ಅಚ್ಚಾಗಿದ್ದದ್ದು ಆಕೆಯದೇ ಕೋಟು.

ಒಂಬತ್ತನೆಯ ವಯಸ್ಸಿನಲ್ಲಿ ಗಡಿ ದಾಟಿದಾಗ ಅದನ್ನೇ ತೊಟ್ಟಿದ್ದಳು. ಅಪ್ಪನ ಕೋಟನ್ನು ಅಮ್ಮ ಚಿಕ್ಕದು ಮಾಡಿ, ಬಿಟ್ಟುಬಂದ ಮನೆಯ ಬೀಗದಕೈಯನ್ನು ಎಡಗಡೆಯ ಅಂಚಿನೊಳಗೆ ಇಟ್ಟು ಹೊಲಿದಿದ್ದಳು. ದಾರ ಪೋಣಿಸಿ ಕೊಟ್ಟವಳು ಇವಳೇ. ಅಪ್ಪ ಬರಲಿಲ್ಲ. ಗಡಿಯ ಈಚೆಗೆ ಬಂದ ಮೇಲೆ ಅಮ್ಮನಿಗೆ ದೊಡ್ಡ ಮನೆಯೊಂದರಲ್ಲಿ ಹೊಲಿಗೆ ಕೆಲಸ ಸಿಕ್ಕಿತು, ಇಬ್ಬರಿಗೂ ಸೇರಿ ಅಡುಗೆಮನೆಯ ಹಿಂದಿನ ಕೋಣೆ. ಆ ಮನೆಯ ಮಗಳು ಶಾಲೆಯ ನಾಟಕದಲ್ಲಿ ನಿರಾಶ್ರಿತ ಹುಡುಗಿಯ ಪಾತ್ರಕ್ಕೆಂದು ಕೋಟು ಒಯ್ದಳು. ಬಹುಮಾನ ಬಂತು, ಕೋಟು ಬರಲಿಲ್ಲ. ಕೇಳಿದರೆ ಮನೆಯೊಡತಿ, "ಆ ಹಳೇ ಬಟ್ಟೆಗೆ ಎಷ್ಟು ಸಲ ಪ್ರಾಣ ತಿಂತೀಯೆ? ಎಲ್ಲೋ ಕಳೆದುಹೋಯ್ತು," ಎಂದಳು. ಮಗಳು ಮುಂದೆ ವಿಮಾನ ಹತ್ತಿ ಬೇರೆ ದೇಶಕ್ಕೆ ಓದಲು ಹೋದಳು. ಅಮ್ಮ ಸಾಯುವವರೆಗೂ ಆ ಬೀಗದಕೈಯದೇ ಜಪ ಮಾಡಿದಳು.

ಕತ್ತರಿ ಅಕ್ಕ ಅಂಗಡಿಯ ಬಾಗಿಲು ಹಾಕಿಕೊಂಡು ಓದಿದಳು. ಬರೆದವಳು ಆ ದೊಡ್ಡ ಮನೆಯ ಮಗಳೇ; ತನ್ನ ಸ್ವಂತ ಬದುಕನ್ನೇ ಬರೆದ ಕಾದಂಬರಿಯಂತೆ. ಅದರಲ್ಲಿ ಗಡಿ ದಾಟಿದ್ದು ಆ ಮಗಳು, ಹಸಿದದ್ದು ಆ ಮಗಳು, ಎರಡು ದೇಶಕ್ಕೂ ಬೇಡವಾದದ್ದೂ ಆ ಮಹಾತಾಯಿಯೇ. ಹಸಿವಂತೆ! ಊಟಕ್ಕೆ ಕರೆದರೆ ತಟ್ಟೆ ನೂಕುತ್ತಿದ್ದವಳು. ಒಂದು ಕಡೆ ಹೀಗೆ ಬರೆದಿದ್ದಳು: ಕೋಟು ನೆಟ್ಟಗೆ ಇಳಿಬೀಳಲೆಂದು ನನ್ನ ತಾಯಿ ಎಡಗಡೆಯ ಅಂಚಿನಲ್ಲಿ ಕಬ್ಬಿಣದ ತುಂಡು ಇಟ್ಟು ಹೊಲಿದಿದ್ದಳು.

ಕತ್ತರಿ ಅಕ್ಕ ನಕ್ಕುಬಿಟ್ಟಳು. ಒಂದೇ ಕಡೆ ತೂಕ ಇಟ್ಟರೆ ಕೋಟು ಸೊಟ್ಟಗಾಗುತ್ತದೆ. ಒಂದು ದಿನ ಸೂಜಿ ಹಿಡಿದವರೂ ಹಾಗೆ ಬರೆಯುವುದಿಲ್ಲ. ಬೀಗದಕೈಯನ್ನು ಕಬ್ಬಿಣದ ತುಂಡು ಎಂದುಕೊಂಡಿದ್ದಾಳೆ ಅಂದರೆ ಅಂಚನ್ನು ಇನ್ನೂ ಯಾರೂ ಬಿಚ್ಚಿಲ್ಲ. ಪುಸ್ತಕದೊಳಗಿದ್ದ ಚೀಟಿಯಲ್ಲಿ ಲೇಖಕಿ ಊರಿಗೆ ಬರುವ ದಿನ, ಸಭೆಯ ಜಾಗ ಎರಡೂ ಇದ್ದವು. ಹೋಗಲಿ ಪಾಪ ಎಂದು ಬಿಡುವ ಹೆಂಗಸಲ್ಲ ಇವಳು. ನಲವತ್ತು ವರ್ಷದ ಹೊಟ್ಟೆಯುರಿ ಅದು.

ವೇದಿಕೆಯ ಮೇಲೆ ಕೋಟನ್ನು ಹ್ಯಾಂಗರಿಗೆ ಹಾಕಿದ್ದರು. ಎಡಕ್ಕೆ ವಾಲಿಕೊಂಡಿತ್ತು. ಪ್ರಶ್ನೆ ಕೇಳಿ ಎನ್ನುತ್ತಲೇ ಮುಂದಿನ ಸಾಲಿನಿಂದ ಎದ್ದಳು.

"ಅಕ್ಕಾವ್ರೇ, ಆ ಕಬ್ಬಿಣದ ತುಂಡು ಹೇಗಿದೆ?"

ಲೇಖಕಿಗೆ ಗುರುತು ಸಿಗಲಿಲ್ಲ. "ಗೊತ್ತಿಲ್ಲಮ್ಮ, ನಾನು ಬಿಚ್ಚಿ ನೋಡಿಲ್ಲ."

"ಅದು ಬೀಗದಕೈ. ಹಿಡೀಲಿ ಮೂರು ತೂತು, ಒಂದು ಹಲ್ಲು ಮುರಿದಿದೆ. ಎಲ್ರೂ ಕೇಳಿಸ್ಕೊಂಡ್ರಲ್ಲ?"

ಮೇಲೆ ಹೋಗಿ ಕತ್ತರಿ ತೆಗೆದಳು. ಒಂದೇ ಏಟಿಗೆ ಅಂಚು ಬಿಚ್ಚಬಹುದಿತ್ತು. ಬೇಕೆಂದೇ ಒಂದೊಂದೇ ಹೊಲಿಗೆ ಕತ್ತರಿಸಿದಳು, ಸಭೆಯನ್ನು ಕಾಯಿಸಿದಳು, ಲೇಖಕಿಯ ಮುಖ ಬಿಳಿಚುವುದನ್ನು ಕಣ್ತುಂಬ ನೋಡಿದಳು. ಬೀಗದಕೈ ಕೆಳಗೆ ಬಿತ್ತು. ಮೂರು ತೂತು, ಮುರಿದ ಹಲ್ಲು.

"ನೀನಾ? ಆ ಹಿಂದಿನ ಕೋಣೆಯವಳು?" ಲೇಖಕಿ ಮೈಕಿನಿಂದ ಮುಖ ಆಚೆ ತಿರುಗಿಸಿದಳು. "ಮೊದಲೇ ಹೇಳ್ಬಾರ್ದಿತ್ತಾ? ಮುಂದಿನ ಮುದ್ರಣದಲ್ಲಿ ನಿನ್ನನ್ನೂ ಸೇರಿಸ್ತೀನಿ."

"ನನ್ನನ್ನ ಸೇರಿಸೋದು ಬೇಡ," ಎಂದಳು ಕತ್ತರಿ ಅಕ್ಕ, ಮೈಕಿನ ಹತ್ತಿರ ನಿಂತೇ. "ನೀನು ಅದ್ರೊಳಗಿಂದ ಎದ್ದು ಹೊರಗೆ ಬಾ."

ಬೀಗದಕೈ ಎತ್ತಿಕೊಂಡು, ಕೋಟನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದಳು.