ಅತ್ತೆಯ ಮಗನನ್ನು ಅಣ್ಣ ಎಂದಳು

ಅಂಜಿನಮ್ಮನನ್ನು ಶಾಲೆಗೆ ಸೇರಿಸಿದವಳು ನಾನಲ್ಲ. ಇಷ್ಟು ವರ್ಷ ನಾನೇ ಎಂದು ಹೇಳಿಕೊಂಡು ಬಂದೆ — ಜನ ಅದನ್ನು ಮೆಚ್ಚಿ ಕೈ ಮುಗಿದಾಗ ಬೇಡವೆನ್ನಲೂ ಇಲ್ಲ. ಅವಳನ್ನು ನನ್ನ ಕೈಯಿಂದ ಬಿಡಿಸಿ ಶಾಲೆಗೆ ಕಳಿಸಿದರು. ನಿಜ ಅಷ್ಟೇ.

ಹಿಂದೂಪುರದಲ್ಲಿ ನಮ್ಮದು ರೇಷ್ಮೆ ನೂಲು ಬಿಚ್ಚುವ ಶೆಡ್ಡು. ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ಎಳೆ ಹಿಡಿದೆತ್ತಲು ಸಣ್ಣ ಬೆರಳೇ ಚೆನ್ನ ಎಂದು ನಂಬಿದ್ದೆವು — ನಂಬಿದ್ದೆವೋ, ಅನುಕೂಲಕ್ಕೆ ಹಾಗೆ ಅಂದುಕೊಂಡಿದ್ದೆವೋ. ಕಂಬದೂರಿನ ಕಡೆಯ ಮಾರಕ್ಕ ತನ್ನ ಮಗಳು ಅಂಜಿನಮ್ಮನನ್ನು ತಂದು ಬಿಟ್ಟಾಗ ಆ ಮಗುವಿಗೆ ಹನ್ನೊಂದಿರಬಹುದು. ಹಬ್ಬಕ್ಕೆ ಲಂಗ ಹೊಲಿಸಿದೆ, ಹೊಟ್ಟೆ ತುಂಬ ಇಟ್ಟೆ. ಸಂಜೆ ಊಟಕ್ಕೆ ಕೂತರೆ ಅವಳ ಬೆರಳುಗಳು ನೆನೆದು, ಸುಕ್ಕುಗಟ್ಟಿ, ಬಿಳಿಚಿಕೊಂಡಿರುತ್ತಿದ್ದವು. ಅವನ್ನು ನೋಡುತ್ತಲೇ ಬಡಿಸುತ್ತಿದ್ದೆ.

ತಪಾಸಣೆಗೆ ಬರುವವರು ಮೊದಲೆಲ್ಲ ನಮ್ಮನ್ನೇ ಕೇಳಿ ಹೋಗುತ್ತಿದ್ದರು. ಮನೆಯ ಮಗು ಎಂದರೆ ಮುಗಿಯಿತು. ಹಾಗಾಗಿ ಯಾರಾದರೂ ಕೇಳಿದರೆ ನನ್ನನ್ನು ಅತ್ತೆ ಅನ್ನು ಎಂದು ಅಂಜಿನಮ್ಮನಿಗೆ ಹೇಳಿಕೊಟ್ಟಿದ್ದೆ. ಆ ಸಲ ಬಂದ ಕಾರ್ಮಿಕ ಇಲಾಖೆಯ ಮೇಡಂಗೂ ಅದನ್ನೇ ಒಪ್ಪಿಸಿದೆ:

“ನಮ್ಮಣ್ಣನ ಮಗ್ಳು ಮೇಡಂ. ರಜಕ್ಕೆ ಬಂದವ್ಳೆ.”

ಅವರು ನನ್ನನ್ನು ಬಾಗಿಲಾಚೆ ನಿಲ್ಲಿಸಿ ಮಗುವಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು.

“ಆಯಮ್ಮ ಯಾರಮ್ಮ ನಿಂಗೆ?”

“ಅತ್ತೆ.”

ಅಷ್ಟರಲ್ಲಿ ನನ್ನ ಮಗ ಗೂಡಿನ ಮೂಟೆ ಹೊತ್ತು ಒಳಗೆ ಬಂದ.

“ಇವ್ನು? ಆಯಮ್ಮನ ಮಗನಾ?”

“ಹೂಂ. ಅಣ್ಣ.”

ಮೇಡಂ ನಕ್ಕುಬಿಟ್ಟರು. “ಅದೆಂಗಮ್ಮಾ? ಸೋದರತ್ತೆ ಮಗ ಬಾವ ಆಗ್ಬೇಕು. ನಿಮ್ಮನೇಲಿ ಅಣ್ಣ ಆಗ್ಬುಟ್ನಾ?”

ವರಸೆ ತಪ್ಪಿ ಕರೆದರೆ ನಮ್ಮಜ್ಜಿ ತಲೆಗೆ ಮೊಟಕುತ್ತಿದ್ದಳು. ಅಂಥವಳ ಮೊಮ್ಮಗಳು ನಾನು, ಸುಳ್ಳು ಕಟ್ಟುವಾಗ ವರಸೆಯನ್ನೇ ಮರೆತಿದ್ದೆ! ಮಗು ದಿನವೂ ಕರೆಯುವಂತೆ ಕರೆದಿತ್ತು, ಪಾಪ.

ಹಾಸ್ಟೆಲ್ ಶಾಲೆಗೆ ಸೇರಿಸಲು ಅಂದೇ ಅವಳನ್ನು ಕರೆದೊಯ್ದರು. ನನ್ನ ಮೇಲೆ ಕೇಸಾಯಿತು, ದಂಡ ಕಟ್ಟಿದೆ. ಅದಕ್ಕಿಂತ ಕೆಟ್ಟದ್ದು ಆಮೇಲೆ ಮಾಡಿದ್ದು. ಇಲಾಖೆಯಿಂದ ಸುದ್ದಿ ಮುಟ್ಟುವ ಮೊದಲೇ ತಾಯಿಗೆ ಫೋನ್ ಮಾಡಿದೆ — “ಮಾರಕ್ಕಾ, ನಿನ್ ಮಗ್ಳನ್ನ ನಾನೇ ಹಾಸ್ಟೆಲ್ ಸ್ಕೂಲಿಗೆ ಸೇರಿಸ್ತಾ ಇವ್ನಿ ಕಣಮ್ಮ.” ಮಾರಕ್ಕ ನಂಬಿದಳು. ಅಂಜಿನಮ್ಮ ಯಾವತ್ತೂ ಅಲ್ಲವೆನ್ನಲಿಲ್ಲ. ಹೆದರಿಕೆಯೋ, ನನ್ನ ಮೇಲೆ ಕರುಣೆಯೋ — ಕೇಳುವ ಧೈರ್ಯ ನನಗಾಗಲಿಲ್ಲ.

ಈಗ ಅಂಜಿನಮ್ಮ ಕಲ್ಯಾಣದುರ್ಗದ ಆಸ್ಪತ್ರೆಯೊಂದರಲ್ಲಿ ನರ್ಸ್. ಕೆಲಸ ಸಿಕ್ಕಿದ ಸಂತೋಷಕ್ಕೆ ಮಾರಕ್ಕ ನೆಂಟರನ್ನು ಕರೆದು ಊಟ ಹಾಕಿದಳು. ನನ್ನನ್ನೂ ಕರೆದಿದ್ದಳು. ಎಲ್ಲರೆದುರು ನನ್ನ ಕಾಲಿಗೆ ಬಗ್ಗಿದಳು. “ಅಕ್ಕಾ, ನೀನಿಲ್ದಿದ್ರೆ ನನ್ ಮಗ್ಳು ಕುರಿ ಹಿಂದೆ ಅಲೀತಾ ಇರೋಳು.” ಆ ಕೈ ಕಾಲಿಗೆ ಮುಟ್ಟುವ ಮೊದಲೇ ಹಿಡಿದುಕೊಂಡೆ. ಆಮೇಲೆ — ಇಲ್ಲಿ ಬರೆದದ್ದನ್ನೆಲ್ಲ ಅಲ್ಲಿ ಹೇಳಿದೆ.

ಮೂಲೆಯಲ್ಲಿದ್ದ ಮುದುಕರೊಬ್ಬರು ಕೇಳಿದರು: “ಇಷ್ಟ್ ವರ್ಷ ತಿಂದ್ ಮರ್ಯಾದೆ ಅರಗ್ತೇನಮ್ಮಾ?”

ಅರಗಿಲ್ಲ ತಾತಾ, ಎಂದೆ. ಅಂಜಿನಮ್ಮ ನನಗೊಂದು ಲೋಟ ನೀರು ತಂದುಕೊಟ್ಟಳು. ಮಾರಕ್ಕ ನನ್ನನ್ನು ಬೈಯದೆ, ಒಂದೇ ಮಾತು ಕೇಳಿದಳು:

“ಆ ಮೇಡಮ್ಮನ ಹೆಸ್ರೇನಕ್ಕಾ? ದೇವ್ರ ಮುಂದೆ ಹೇಳ್ಕೊಬೇಕು.”

ನನಗೆ ಗೊತ್ತಿರಲಿಲ್ಲ. ವರ್ಷಗಟ್ಟಲೆ ಆಕೆಯನ್ನು ಶಪಿಸಿದ್ದೆ, ಹೆಸರು ಮಾತ್ರ ಕೇಳಿರಲಿಲ್ಲ. ಬಾಗಿಲಾಚೆ ನನ್ನನ್ನು ನಿಲ್ಲಿಸಿದ ಆ ಹೆಂಗಸಿಗೆ ಮಾರಕ್ಕನಿಗಿಂತ ಹೆಚ್ಚಿನ ಋಣ ನನ್ನದು. ಇನ್ನೆಷ್ಟು ಮಕ್ಕಳ ಬೆರಳನ್ನು ಆ ನೀರಿಗೆ ಅದ್ದುತ್ತಿದ್ದೆನೋ...

ನಾಳೆ ಕಾರ್ಮಿಕ ಇಲಾಖೆಯ ಆಫೀಸಿಗೆ ಹೋಗಿ ಹೆಸರು ವಿಚಾರಿಸುತ್ತೇನೆ. ನಮ್ಮ ಬೀದಿಯ ಶೆಡ್ಡುಗಳಲ್ಲಿ ಇನ್ನೂ ಮಕ್ಕಳಿದ್ದಾರೆ. ಜೀಪಿನ ಸದ್ದಾದರೆ ಅವರನ್ನು ಯಾವ ಹಿತ್ತಿಲಿಂದ ಓಡಿಸುತ್ತಾರೆಂದು ನನಗೆ ಗೊತ್ತು. ಅದನ್ನೂ ಹೇಳಿಯೇ ಬರುತ್ತೇನೆ.