ಹಾರಬಲ್ಲ ಅಕ್ಕ ನೆಲದಲ್ಲಿ ಕೂತದ್ದು

ಮನುಷ್ಯನ ಹಣೆಬರಹ ಅವನ ಅಂಗೈಯಲ್ಲಿ ಬರೆದಿರುತ್ತದೆ ಎಂಬುದು ನಮ್ಮ ಹಿರಿಯರ ಗಂಭೀರವಾದ ನಂಬಿಕೆ. ಅಕ್ಕನದು ಮೊಣಕೈಯಿಂದ ಕೆಳಕ್ಕೆ ಬರೆದಿತ್ತು, ಅದೂ ಬಿಸಿಲಿನಲ್ಲಿ. ಅವರ ಎಡಗೈ ಬಲಗೈಗಿಂತ ಎದ್ದು ಕಾಣುವಷ್ಟು ಕಪ್ಪು. ಬೇರೆ ಯಾರದೋ ಕೈಯನ್ನು ತಂದು ಜೋಡಿಸಿದ ಹಾಗೆ. ಕೇಳಿದರೆ, "ಕಿಡಕಿ ಕಡೀ ಕೈರೀ ಅದು" ಎಂದುಬಿಡುತ್ತಿದ್ದರು. ಬಸ್ಸಿನ ಕಿಟಕಿಯಿರಬೇಕು ಎಂದು ನಾವು ಬಹಳ ದಿನ ನಂಬಿದ್ದೆವು. ಅದು ವಿಮಾನದ ಕಿಟಕಿ, ಪೈಲಟ್ ಕೂರುವ ಎಡಬದಿಯದು.

ಜರ್ಮನ್ ಸರ್ಕಾರ ಗ್ರೀನ್ ಕಾರ್ಡ್ ಎಂದು ಸಾರಿ ಕಂಪ್ಯೂಟರ್ ಬಲ್ಲವರನ್ನು ಬರಮಾಡಿಕೊಂಡ ಕಾಲ ಅದು. ಕಾರ್ಡು ಹಸಿರೂ ಆಗಿರಲಿಲ್ಲ, ಕಾರ್ಡೂ ಆಗಿರಲಿಲ್ಲ; ಪಾಸ್‌ಪೋರ್ಟಿನೊಳಗೆ ಅಂಟಿಸಿದ ಒಂದು ಚೀಟಿ. ಅದನ್ನು ನಂಬಿ ಬವೇರಿಯಾ ಪ್ರಾಂತ್ಯದ ರೇಗನ್ಸ್‌ಬರ್ಗ್‌ನ ಕಾರ್ ಬಿಡಿಭಾಗಗಳ ಕಂಪನಿಯೊಂದಕ್ಕೆ ನಾವು ನಾಲ್ಕಾರು ಕನ್ನಡಿಗರು ಬಂದು ಬಿದ್ದಿದ್ದೆವು. ನಾನು ಮೈಸೂರಿನವನು, ಒಬ್ಬ ದಾವಣಗೆರೆಯವನು, ಒಬ್ಬ ಬೆಂಗಳೂರಿನವನು. ನಮ್ಮ ತಂಡಕ್ಕೆ ಹಿರಿಯರಾಗಿ ಇದ್ದವರು ಈ ಅಕ್ಕ. ಮೊದಲ ದಿನ ಊಟಕ್ಕೆ ಹೊರಟಾಗ ಅವರ ಹಳೆಯ ಕಾರಿನ ಬಳಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ನೋಡಿದರು. ನನ್ನ ಕಡೆ ತಿರುಗಿ, "ನೀವು ಎಂಬತ್ತೆರಡು ಕೆಜಿ, ಬ್ಯಾಗ್ ಹಿಡದು ತೊಂಬತ್ತು. ಮುಂದ ಕೂಡ್ರಿ" ಎಂದರು. ನನ್ನ ಮದುವೆಗೆ ಹೆಣ್ಣು ಹುಡುಕುತ್ತಿದ್ದವರಿಗೂ ನನ್ನ ತಾಯಿ ಹೇಳದೆ ಬಚ್ಚಿಟ್ಟಿದ್ದ ಅಂಕಿ ಅದು. ಮನೆಗೆ ಹೋಗಿ ತೂಕದ ಯಂತ್ರ ಹತ್ತಿ ನೋಡಿದೆ. ಸರಿಯಾಗಿತ್ತು.

ಅಕ್ಕ ಹುಟ್ಟಿ ಬೆಳೆದದ್ದು ಟಾಂಜಾನಿಯಾದಲ್ಲಿ. ತಂದೆ ಗದಗಿನ ಕಡೆಯವರು; ವಿಮಾನದ ಮೆಕ್ಯಾನಿಕ್ ಆಗಿ ಆಫ್ರಿಕಕ್ಕೆ ಹೋಗಿ, ರಿಪೇರಿ ಮಾಡಿದ್ದನ್ನು ಹಾರಿಸಿ ನೋಡುವ ಚಟಕ್ಕೆ ಬಿದ್ದು, ಕೊನೆಗೆ ತಾವೇ ಪೈಲಟ್ ಆದವರು. ಆರು ಸೀಟಿನ ಒಂದೇ ಎಂಜಿನ್ನಿನ ವಿಮಾನ. ರಸ್ತೆಯೇ ಇಲ್ಲದ ಊರುಗಳಿಗೆ ಔಷಧಿ, ಟಪಾಲು, ಮೇಷ್ಟ್ರು, ಬಸುರಿಯರು, ಒಮ್ಮೊಮ್ಮೆ ಮೇಕೆ, ಎಲ್ಲವನ್ನೂ ಅದರಲ್ಲೇ ಸಾಗಿಸುತ್ತಿದ್ದರು. ಇಳಿಯುವುದಕ್ಕೆ ಹುಲ್ಲುಗಾವಲು, ಇಲ್ಲದಿದ್ದರೆ ಒಣಗಿದ ಹೊಳೆಯ ಪಾತ್ರ. ಚಿಕ್ಕಂದಿನಲ್ಲಿ ಅಕ್ಕನ ಕೆಲಸ, ಅಪ್ಪನ ವಿಮಾನದ ಸದ್ದು ಕೇಳಿದ ಕೂಡಲೇ ಓಡಿಹೋಗಿ ಬಯಲಿನಿಂದ ದನ ಅಟ್ಟುವುದು. ಆ ವಿಮಾನ ಹೊರುವ ಭಾರಕ್ಕೆ ಮಿತಿಯಿದ್ದದ್ದರಿಂದ ಆ ಮನೆಯಲ್ಲಿ ಬಂಧುಬಳಗವನ್ನೆಲ್ಲ ತೂಗಿಯೇ ಕಳಿಸುವುದು. ನೆಂಟರ ಮನೆಗೆ ಅಳಿಯನಾಗಿ ಬಂದವನನ್ನೂ ತೂಗಿದ್ದರಂತೆ, ಪೇಟದ ಸಮೇತ.

ಅಕ್ಕನೂ ಹಾರಿಸಲು ಕಲಿತರು. ಅಣ್ಣನೂ ಕಲಿತ. ಅವನು ಗಲ್ಫ್ ಕಡೆ ದೊಡ್ಡ ವಿಮಾನ ಹಾರಿಸುವ ಕೆಲಸಕ್ಕೆ ಹೋದ. "ಅದು ವಿಮಾನ ಅಲ್ಲ, ಬಸ್ಸು" ಎಂದು ತಂದೆ ಅವನ ಹೆಸರೆತ್ತುವುದನ್ನೇ ಬಿಟ್ಟುಬಿಟ್ಟಿದ್ದರು. ಉಳಿದವರು ಅಕ್ಕ. ಅಪ್ಪ-ಮಕ್ಕಳು ಮೂವರಲ್ಲೂ ಕೈ ಚೊಕ್ಕ ಇದ್ದದ್ದು ಇವರದೇ ಎಂದು ತಂದೆಯೇ ಒಪ್ಪುತ್ತಿದ್ದರು. ಅಂಥವರು ಎಲ್ಲ ಬಿಟ್ಟು ಕಂಪ್ಯೂಟರ್ ಓದಿ ಬವೇರಿಯಾಕ್ಕೆ ಬಂದದ್ದು ಏಕೆ ಎಂದು ಒಮ್ಮೆ ಕ್ಯಾಂಟೀನಿನಲ್ಲಿ ಕೇಳಿದೆ. ಅಕ್ಕ ಆಲೂಗಡ್ಡೆಯನ್ನು ಫೋರ್ಕಿನಿಂದ ಚುಚ್ಚುತ್ತ ಹೇಳಿದರು: "ಹಾರೂದು ನನಗ ಬರ್ತೈತಿ. ಬರ್ತೈತಿ ಅಂತ ಅದನ್ನ ಮಾಡಬೇಕಂತ ಎಲ್ಲೈತ್ರೀ?"

"ಮತ್ತೆ ಕಂಪ್ಯೂಟರ್?"

"ಇದೂ ಬರ್ತೈತಿ. ಇನ್ನೂ ಹುಡಕಾಕ ಹತ್ತೀನಿ."

ಅಕ್ಕನ ಮನೆಯ ಒಂದು ಪದ್ಧತಿ ನಮಗೆಲ್ಲ ಬಹಳ ತಮಾಷೆಯಾಗಿತ್ತು. ಎಲ್ಲಿಗೆ ಹೊರಟರೂ ಅವರು ಮೂರು ಪ್ರಶ್ನೆ ಕೇಳುತ್ತಿದ್ದರು. ಎಲ್ಲಿಗೆ ಹೊಂಟೀರಿ, ಯಾವಾಗ ಬರ್ತೀರಿ. ಇವೆರಡನ್ನು ಎಲ್ಲರ ಮನೆಯಲ್ಲೂ ಕೇಳುತ್ತಾರೆ. ಮೂರನೆಯದು ಅವರ ಮನೆಯದು: "ಎಷ್ಟೊತ್ತಿಗೆ ಹುಡಕಾಕ ಶುರು ಮಾಡ್ಲಿ?" ಅದು ಅವರ ತಾಯಿಯ ಮಾತು. ಗಂಡನ ವಿಮಾನ ಮೇಲೆದ್ದ ಕ್ಷಣದಿಂದ ಇಳಿಯುವ ತನಕ ತಾಯಿ ರೇಡಿಯೋ ಮುಂದೆ ಬೆಳ್ಳುಳ್ಳಿ ಸುಲಿಯುತ್ತ ಕೂರುತ್ತಿದ್ದರಂತೆ. "ನಮ್ಮನೀ ಸಾರಿನ್ಯಾಗ ಬಳ್ಳೊಳ್ಳಿ ಜಾಸ್ತಿ ಬಿತ್ತಂದ್ರ, ಅಪ್ಪ ಅವತ್ತ ತಡಾ ಮಾಡ್ಯಾನ ಅಂತ ತಿಳಕೋಬೇಕು" ಎನ್ನುತ್ತಿದ್ದರು ಅಕ್ಕ. ಆ ತಾಯಿ ತೀರಿಕೊಂಡ ಮೇಲೆಯೇ ಅಕ್ಕ ಜರ್ಮನಿಗೆ ಬಂದದ್ದು.

ನಮ್ಮ ಹುಡುಗರು ಮ್ಯೂನಿಕ್‌ಗೆ ಕರಿಬೇವು ತರಲು ಹೋದರೂ ಈ ಮೂರನೇ ಪ್ರಶ್ನೆಗೆ ಉತ್ತರ ಕೊಟ್ಟೇ ಹೋಗಬೇಕಿತ್ತು. "ಗುರು, ಕರಿಬೇವಿನ ಜೊತೆ ನಾವೂ ಕಳೆದುಹೋದ್ರೆ ಅಕ್ಕ ಹುಡುಕ್ತಾರೆ ಮಗಾ" ಎಂದು ನಗಾಡುತ್ತಿದ್ದರು.

ಒಂದು ಚಳಿಗಾಲದ ಭಾನುವಾರ ದಾವಣಗೆರೆಯವನು ಮತ್ತು ಬೆಂಗಳೂರಿನವನು ಹಿಮ ನೋಡಲೆಂದು ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಬವೇರಿಯಾದ ಕಾಡಿನ ಕಡೆ ಹೊರಟರು. ಅಕ್ಕ ಪದ್ಧತಿಯ ಪ್ರಕಾರ ವಿಚಾರಿಸಿದರು. ಯಾವ ರಸ್ತೆ, ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟು, ತಿನ್ನಲು ಏನಿದೆ. "ಮೂರಕ್ಕೆ ವಾಪಸ್ ಅಕ್ಕಾ. ನಾಲ್ಕಕ್ಕೆ ಹುಡುಕಿ" ಎಂದು ಬೆಂಗಳೂರಿನವನು ಸೆಲ್ಯೂಟ್ ಹೊಡೆದು ಹೋದ.

ನಾನು ಅವತ್ತು ಅಕ್ಕನ ಮನೆಯಲ್ಲಿ ಊಟ ಮುಗಿಸಿ, ಭಾನುವಾರದ ಧರ್ಮವಾದ ತೂಕಡಿಕೆಯನ್ನು ಆಚರಿಸುತ್ತಿದ್ದೆ. ಮೂರಾಯಿತು. ಅಕ್ಕ ಬೆಳ್ಳುಳ್ಳಿಯ ಬುಟ್ಟಿ ತೆಗೆದುಕೊಂಡು ಫೋನಿನ ಪಕ್ಕ ಕೂತರು. ನಾಲ್ಕಾಯಿತು. ಹುಡುಗರ ಮೊಬೈಲುಗಳಿಗೆ ಮಾಡಿ ನೋಡಿದರು, ಸಿಗ್ನಲ್ ಇಲ್ಲ. ಕೈ ಒರೆಸಿಕೊಂಡು ತುರ್ತು ನಂಬರಿಗೆ ಫೋನ್ ಮಾಡಿದರು.

"ಇನ್ನೂ ಸ್ವಲ್ಪ ನೋಡೋಣ ಅಕ್ಕಾ, ಟೀ ಕುಡೀತಾ ಎಲ್ಲೋ ಕೂತಿರ್ತಾರೆ" ಎಂದೆ.

"ನಾಕು ಅಂದಾರಲ್ರೀ" ಎಂದರು. ಅಷ್ಟೆ.

ನಮ್ಮ ಜರ್ಮನ್ ಅಂದರೆ ಬ್ರೆಡ್ ಕೊಳ್ಳುವಷ್ಟು. ಅಕ್ಕನದೂ ಬಹಳ ಹೆಚ್ಚಿನದೇನಲ್ಲ. ಆದರೆ ಆಂಬುಲೆನ್ಸ್ ಕಂಟ್ರೋಲ್ ರೂಮಿನ, ಅಂದರೆ ಇಲ್ಲಿನವರು ಲೈಟ್‌ಶ್ಟೆಲ್ಲೆ ಎನ್ನುವ ಕಚೇರಿಯ, ಆ ಕಡೆಯ ಮನುಷ್ಯ ಒಂದು ಪ್ರಶ್ನೆಯನ್ನೂ ಎರಡನೇ ಸಲ ಕೇಳಬೇಕಾಗಲಿಲ್ಲ. ಕಾರಿನ ಬಣ್ಣ, ಹಿಡಿದ ರಸ್ತೆ, ಇಬ್ಬರು ಗಂಡಸರು, ಒಬ್ಬನಿಗೆ ತೆಳು ಜಾಕೆಟ್, ಅರ್ಧ ಟ್ಯಾಂಕ್ ಪೆಟ್ರೋಲ್, ತಿನ್ನಲು ಚಪಾತಿ ಮತ್ತು ಒಂದು ಕೆಂಪು ಪುಡಿ. ಚಟ್ನಿಪುಡಿಗೆ ಜರ್ಮನ್ ಶಬ್ದ ಇನ್ನೂ ಹುಟ್ಟಿರಲಿಲ್ಲ. ಅಕ್ಕನ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ನಾವು ದಿನವೂ ಪಕ್ಕದಲ್ಲಿ ಕೂತು ಕೆಲಸ ಮಾಡುತ್ತಿದ್ದ ಹೆಂಗಸು ಇವರೇ ಏನು ಅನ್ನಿಸಿತು. ಕೊನೆಗೆ ಆತ, ನೀವು ಯಾವ ಸಂಸ್ಥೆಯವರು ಎಂದು ಕೇಳಿದ. "ಮನೆಯವರು" ಎಂದರು ಅಕ್ಕ.

ಕತ್ತಲಾಗುತ್ತಲೇ ಇಬ್ಬರೂ ಸಿಕ್ಕರು. ಕಾಡುದಾರಿಯಲ್ಲಿ ಜಾರಿದ ಕಾರು ಹಳ್ಳಕ್ಕೆ ಮೂತಿಯೂರಿ ನಿಂತಿತ್ತು. ತೆಳು ಜಾಕೆಟ್ಟಿನವನ ತುಟಿ ನೀಲಿಯಾಗಿ ಮಾತು ತೊದಲಲು ಶುರುವಾಗಿತ್ತು. ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರಂತೆ. ಮರುದಿನ ಅಕ್ಕನ ಮನೆಗೆ ಬಂದ ಬೆಂಗಳೂರಿನವನು ನೆಲ ನೋಡುತ್ತ ಹೇಳಿದ: "ಅಕ್ಕಾ, ಹುಡುಕ್ಕೊಂಡು ಬಂದೋರು ಟಾರ್ಚ್ ಬಿಟ್ಟು ಮೊದಲು ಕೇಳಿದ್ದೇ 'ಕೆಂಪು ಪುಡಿಯ ಯಜಮಾನರು ನೀವೇನಾ' ಅಂತ."

"ಪುಡಿ ಉಳದೈತೇನು?" ಎಂದು ಕೇಳಿದರು ಅಕ್ಕ. ಆಮೇಲೆ ಯಾರೂ ಮೂರನೇ ಪ್ರಶ್ನೆಗೆ ನಗಲಿಲ್ಲ.

ಫೋನಿನ ಆ ಕಡೆಯ ಮನುಷ್ಯ ಅಕ್ಕನನ್ನು ಕಂಟ್ರೋಲ್ ರೂಮ್ ನೋಡಲು ಕರೆದ. ಹೋಗಿಬಂದ ಮೂರನೇ ದಿನ, "ನಮ್ಮವ್ವ ಕುಂದ್ರೂ ಕುರ್ಚಿ ಅಲ್ಲೈತ್ರೀ. ಒಂದಲ್ಲ, ಸಾಲಿಗೆ ಸಾಲು" ಎಂದರು. ವಾರಾಂತ್ಯಗಳಲ್ಲಿ ಆಂಬುಲೆನ್ಸ್ ಸೇವೆಗೆ ಸ್ವಯಂಸೇವಕಿಯಾಗಿ ಸೇರಿದರು. ಬವೇರಿಯಾದ ಅಜ್ಜಿಯರ ಭಾಷೆ ತಿಳಿಯಬೇಕೆಂದು ಮನೆಯೊಡತಿಯ ಜೊತೆ ಕೂತು ಗಂಟೆಗಟ್ಟಲೆ ಅವಳ ಮಂಡಿನೋವಿನ ಪುರಾಣ ಕೇಳಿದರು. ಪಾಸ್‌ಪೋರ್ಟಿನ ಚೀಟಿ ಬೇರೆ ಕೆಲಸಕ್ಕೆ ಅನುಮತಿ ಕೊಟ್ಟ ದಿನ ಕಂಪನಿ ಬಿಟ್ಟು ಅಲ್ಲಿಗೆ ಸೇರುವುದು ಎಂದು ತೀರ್ಮಾನಿಸಿದರು.

ಅಷ್ಟರಲ್ಲಿ ತಂದೆ ಬಂದರು. ಕಣ್ಣು ಮಂಜಾಗಿ, ಡಾಕ್ಟರು ಇನ್ನು ಹಾರಿಸಬೇಡಿ ಎಂದಿದ್ದರು. ಮಗಳನ್ನು ಕರೆದೊಯ್ದು ವಿಮಾನವನ್ನೂ, ಅದನ್ನೇ ನಂಬಿದ್ದ ಊರುಗಳನ್ನೂ ಅವಳ ಕೈಗೆ ಒಪ್ಪಿಸುವುದು ಅವರ ಉದ್ದೇಶ. ಮುಂದಿನ ಮಳೆ ಶುರುವಾಗುವುದರೊಳಗೆ ಅವಳು ಬಾರದಿದ್ದರೆ ಮಾರುವುದೇ. ಹ್ಯಾಟಿನ ಕೆಳಗೆ ಸಣ್ಣ ಒಣ ಮುಖ. ಆಟೋಬಾನ್ ಹೆದ್ದಾರಿ ನೋಡಿ, "ಎಲ್ಲಾ ಕಡೆ ರಸ್ತಾ ಮಾಡಿಟ್ರ ಮನಷಾ ಏನ್ ಕಲೀತಾನ?" ಎಂದು ಇಡೀ ಜರ್ಮನಿಯ ಮೇಲೆ ತೀರ್ಪು ಕೊಟ್ಟರು.

ಊರಾಚೆ ಒಂದು ಫ್ಲೈಯಿಂಗ್ ಕ್ಲಬ್ಬಿತ್ತು, ಹುಲ್ಲಿನ ರನ್‌ವೇ. ಅದು ಗೊತ್ತಾದದ್ದೇ ತಡ, ಮಗಳು ಒಮ್ಮೆ ಹಾರಿಸುವುದನ್ನು ನೋಡಬೇಕೆಂದು ತಂದೆ ಹಟ ಹಿಡಿದರು. ವಿಮಾನ ನಡೆಸುವ ಕೋಲು ಕೈಗೆ ಸಿಕ್ಕರೆ ಮನಸ್ಸು ತಿರುಗೀತೆಂಬ ಲೆಕ್ಕಾಚಾರ. ಅಕ್ಕ ಒಪ್ಪಿದರು. ಅವರ ಲೈಸೆನ್ಸ್ ಇಲ್ಲಿ ನಡೆಯದ ಕಾರಣ ಕ್ಲಬ್ಬಿನ ತರಬೇತುದಾರ ಪಕ್ಕದಲ್ಲಿ ಕೂತ. ಕಾರು ಹೊಡೆದುಕೊಂಡು ಬಂದಿದ್ದ ನಾನು ತಂದೆಯ ಜೊತೆ ಕೆಳಗೆ ಉಳಿದೆ.

ಹತ್ತುವ ಮೊದಲು ಅಕ್ಕ ತಂದೆಗೆ ಹೇಳಿದರು: "ಡ್ಯಾನ್ಯೂಬ್ ಹೊಳೀ ಗುಂಟ ಹೋಗಿ ಬರ್ತೀನಪಾ. ಮೂರೂವರೀಗೆ ಇಳೀತೀನಿ. ನಾಕಕ್ಕ ಹುಡಕ್ರಿ."

"ನಮಗ ಹೇಳ್ತೀಯೇನು? ಹೋಗ, ಹೋಗ" ಎಂದರು ತಂದೆ, ನಗುತ್ತ.

ವಿಮಾನ ಕಣ್ಮರೆಯಾಯಿತು. ಸ್ವಲ್ಪ ಹೊತ್ತು ಮಗಳ ಟೇಕಾಫ್ ಬಗ್ಗೆ ನನಗೆ ಪಾಠವಾಯಿತು. ಆಮೇಲೆ ಬೆಂಚಿನಿಂದ ಎದ್ದರು. ಕೂತರು. ಹ್ಯಾಟು ತೆಗೆದರು.

"ಗಾಳಿ ತಿರಗೇತಿ, ನೋಡ್ರಿ."

ಕಂಬದ ಮೇಲೆ ಗಾಳಿಯ ದಿಕ್ಕು ತೋರಿಸುವ ಗಾಳಿಚೀಲ ಮೊದಲು ಹೇಗಿತ್ತೋ ಹಾಗೇ ಇತ್ತು.

"ಆ ಮೋಡ ಆವಾಗ ಇರಲಿಲ್ಲ."

"ಇತ್ತು, ಸರ್" ಎಂದೆ.

ನನ್ನ ಕೈಗಡಿಯಾರವನ್ನು ನಂಬದೆ ಕ್ಲಬ್ಬಿನ ಗೋಡೆ ಗಡಿಯಾರ ನೋಡಿ ಬಂದರು. ಇನ್ನೂ ಮೂರು ದಾಟಿತ್ತಷ್ಟೆ. ಹಿಂದಿರುಗಿ ಬಂದಾಗ ಹಣೆಯಲ್ಲಿ ಬೆವರು. ಹೊಳೆಯ ಪಾತ್ರದಲ್ಲಿ ವಿಮಾನ ಇಳಿಸಿದ ಮನುಷ್ಯ!

"ಈ ಕೆಲಸ ಭಾಳ ಕೆಟ್ಟದೈತ್ರೀ" ಎಂದರು.

"ಯಾವುದು ಸರ್?"

"ಇದ. ನಿಂದ್ರೂದು."

ಅಕ್ಕ ಹೇಳಿದ ಹೊತ್ತಿಗೇ ಬಂದರು, ಒಂದು ನಿಮಿಷವೂ ತಡವಿಲ್ಲ. ನಿದ್ದೆ ಹೋದ ಮಗುವನ್ನು ಹಾಸಿಗೆಯ ಮೇಲೆ ಇಡುವ ಹಾಗೆ ವಿಮಾನವನ್ನು ಹುಲ್ಲಿನ ಮೇಲೆ ಇಟ್ಟರು. ಚಕ್ರ ನೆಲ ಮುಟ್ಟಿದ್ದು ಯಾವಾಗ ಎಂದು ನನಗೆ ಗೊತ್ತಾಗಲಿಲ್ಲ. ತರಬೇತುದಾರ ಇಳಿದು ತನ್ನ ಟೋಪಿ ತೆಗೆದು ಅಕ್ಕನ ಕೈ ಕುಲುಕಿದ. ಬವೇರಿಯಾದಲ್ಲಿ ಇದಕ್ಕಿಂತ ದೊಡ್ಡ ಪ್ರಶಸ್ತಿ ನಾನು ಕಂಡಿಲ್ಲ. ಅಷ್ಟು ಸುಂದರವಾದ ಕೆಲಸವನ್ನು ಒಬ್ಬರು ಬೇಡವೆನ್ನಬಹುದು ಎಂಬುದು ನನ್ನ ತಲೆಗೆ ಹತ್ತಲೇ ಇಲ್ಲ. ತಂದೆ ಖಂಡಿತ ಗೆದ್ದರು ಅಂದುಕೊಂಡೆ.

ತಂದೆ ಮಗಳ ಕೆಲಸವನ್ನು ಹೊಗಳಲಿಲ್ಲ. ಮಗಳನ್ನು ಅವರು ತಂಗಿ ಎಂದೇ ಕರೆಯುವುದು. "ತಂಗೀ, ನಿಮ್ಮವ್ವ ಇದನ್ನ ದಿನಾ ಮಾಡ್ತಿದ್ಲೇನು?" ಎಂದು ಕೇಳಿದರು.

"ದಿನಾ."

"ಒಂದಿನಾರ ಹೇಳಲಿಲ್ಲ."

"ನೀ ಕೇಳಿದ್ದಿಲ್ಲಪಾ."

ಅವರು ಹ್ಯಾಟನ್ನು ಮತ್ತೆ ತಲೆಗೆ ಹಾಕಿಕೊಂಡರು. ಆಮೇಲೆ, ಕೊನೆಯ ಪ್ರಯತ್ನವೆಂಬಂತೆ, "ಇಂಥಾ ಕೈ ಇಟಗೊಂಡು ಫೋನ್ ಎತ್ತಾಕ ಹೋಗ್ತೀಯಲ್ಲ" ಎಂದರು.

"ಹಾರೂವರು ಸಿಗ್ತಾರಪಾ. ಎಲ್ಲಾರಿಗೂ ಮ್ಯಾಲ ಹೋಗೂದ ಬೇಕು. ಕೆಳಗ ಕುಂದ್ರೂವರು ಸಿಗೂದಿಲ್ಲ." ಅಕ್ಕನ ದನಿ ಫೋನಿನಲ್ಲಿ ಮಾತಾಡಿದಾಗಿನ ದನಿಯೇ. "ನಾ ಬರೂದಿಲ್ಲ."

ತಂದೆ ತಲೆಯಾಡಿಸಿದರು. ಒಪ್ಪಿಗೆಯೋ ಸೋಲೋ ನನಗೆ ತಿಳಿಯಲಿಲ್ಲ. ಮನೆ ತಲುಪಿ ಊಟಕ್ಕೆ ಕೂತಾಗ ತಂದೆ, "ಆ ಆಫೀಸಿನ್ಯಾಗ ಕುರ್ಚಿ ಚಲೋ ಅದಾವೇನು? ನಿಮ್ಮವ್ವಗ ಬೆನ್ನು ನೋಯತಿತ್ತು" ಎಂದರು.

ಬಾರದ ಕೆಲಸವನ್ನು ಬಿಟ್ಟುಕೊಟ್ಟ ಮಹನೀಯರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆ ಪಂಗಡದ ಗೌರವ ಸದಸ್ಯ ನಾನೂ ಹೌದು. ಎಲ್ಲರಿಗಿಂತ ಚೆನ್ನಾಗಿ ಬರುವ ಕೆಲಸವನ್ನು, ಅದು ತನ್ನದಲ್ಲ ಎಂಬ ಒಂದೇ ಕಾರಣಕ್ಕೆ, ತಂದೆಯ ಮುಖ ನೋಡಿಕೊಂಡೇ ಕೆಳಗಿಟ್ಟವರನ್ನು ನೋಡಿದ್ದು ಒಬ್ಬರನ್ನೇ. ನನ್ನ ಮಗಳು ಎಂಜಿನಿಯರಿಂಗ್ ಬಿಟ್ಟು ಬಡಗಿ ಕೆಲಸ ಕಲಿಯುತ್ತೇನೆ ಎಂದು ಜರ್ಮನ್ನಿನಲ್ಲಿ ಘೋಷಿಸಿದ ದಿನ ನಾನು ಕೂಗಾಡದೆ ಇದ್ದದ್ದು ಅಕ್ಕನನ್ನು ಕಂಡಿದ್ದರಿಂದ. ಹೆಂಡತಿ ಇವತ್ತಿಗೂ ಅದನ್ನು ನನ್ನ ಒಳ್ಳೆಯ ಗುಣವೆಂದು ತಿಳಿದಿದ್ದಾಳೆ.

ತಂದೆ ಮಳೆಗೆ ಮೊದಲೇ ವಿಮಾನವನ್ನು ಇನ್ನೊಬ್ಬ ಪೈಲಟ್‌ಗೆ ಮಾರಿದರು. ಅಕ್ಕ ಅನುಮತಿ ಸಿಕ್ಕ ಮೇಲೆ ಕಂಪನಿ ಬಿಟ್ಟರು, ಕಂಟ್ರೋಲ್ ರೂಮಿನ ಪರೀಕ್ಷೆಯಲ್ಲಿ ಮೊದಲ ಸಲ ಫೇಲಾದರು, ಎರಡನೇ ಸಲ ಪಾಸಾದರು. ಈಗಲೂ ಲೈಟ್‌ಶ್ಟೆಲ್ಲೆಯಲ್ಲೇ ಕೆಲಸ ಮಾಡುತ್ತಿದ್ದಾರೆ.