ಮೂರನೇ ಸಾಕ್ಷಿ

ನನ್ನ ಕಪಾಟಿನ ತುಂಬ ಕೊಲೆಯ ಪುಸ್ತಕಗಳಿವೆ. ಕಟ್ಟುಕತೆಗಳಲ್ಲ, ನಿಜವಾಗಿ ನಡೆದು, ಕೊಂದವನು ಸಿಗದೆ, ಸಿಕ್ಕರೂ ಶಿಕ್ಷೆಯಾಗದೆ ಮುಚ್ಚಿಹೋದ ಕೇಸುಗಳು. ರಾಮನಗರದ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವ ನನಗೆ ಈ ಗೀಳು ಯಾಕೆಂದು ಜೊತೆಯ ಮೇಷ್ಟ್ರುಗಳು ಕೇಳುತ್ತಾರೆ. ನನಗೆ ಒಂಬತ್ತು ವರ್ಷವಾಗಿದ್ದಾಗ ನಮ್ಮ ದೊಡ್ಡತ್ತೆಯ ಕೊಲೆಯಾಯಿತೆಂದು ನಾನು ಯಾರಿಗೂ ಹೇಳಿಲ್ಲ.

ದೊಡ್ಡತ್ತೆ ಅಪ್ಪನ ಅಕ್ಕ. ಗಂಡ ಸತ್ತ ಮೇಲೆ ಅಕ್ಕೂರಿನ ನಮ್ಮ ಮನೆಗೇ ಬಂದು, ತಾತ ಅವರ ಹೆಸರಿಗೆ ಬರೆದಿದ್ದ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಬೆಳೆದು ರೇಷ್ಮೆಹುಳ ಸಾಕುತ್ತಿದ್ದರು. ಹುಳಕ್ಕೆ ಸೊಪ್ಪು ಹಾಕಿದ ಮೇಲೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವು ಮೇಯುವ ಸದ್ದು ಕೇಳು ಎನ್ನುತ್ತಿದ್ದರು. ಒಂದು ಮಧ್ಯಾಹ್ನ ಸೊಪ್ಪು ಕೊಯ್ಯಲು ಹೋದವರು ತಿರುಗಿ ಬರಲಿಲ್ಲ. ತಲೆಗೆ ಏಟು ಬಿದ್ದು ತೋಟದಲ್ಲೇ ಸತ್ತಿದ್ದರು.

ಪೊಲೀಸರು ಹಿಡಿದದ್ದು ಪಕ್ಕದ ತೋಟದ ಯಜಮಾನರನ್ನು. ಅವರು ಹೊರಗಿನವರಲ್ಲ, ಅಪ್ಪನ ತಂಗಿಯನ್ನು, ಅಂದರೆ ನನ್ನ ಚಿಕ್ಕತ್ತೆಯನ್ನು, ಅವರ ತಮ್ಮನಿಗೇ ಕೊಟ್ಟಿತ್ತು. ಎರಡು ತೋಟಗಳ ನಡುವಿನ ದಾರಿ ಯಾರದೆಂದು ದೊಡ್ಡತ್ತೆಗೂ ಅವರಿಗೂ ಜಗಳವಿತ್ತು. ಕೊನೆಗೆ ಕೋರ್ಟು ಅವರನ್ನು ಬಿಟ್ಟಿತು. ಏನೂ ಮಾಡದವನನ್ನು ಹಿಡಿದುಕೊಂಡು ಹೋದರು, ಮಾಡಿದವನು ತಪ್ಪಿಸಿಕೊಂಡ ಎಂದು ಅಪ್ಪ ಹೇಳುತ್ತಿದ್ದರು. ನಾನು ನಂಬಿದ್ದೆ. ಜೈಲು ಕಂಡು ಬಂದ ಆ ಮನುಷ್ಯನ ಮೇಲೆ ನನಗೆ ಕನಿಕರವೂ ಇತ್ತು. ನನ್ನ ಮದುವೆಯಲ್ಲಿ ಅವರ ಕಾಲಿಗೆ ನಮಸ್ಕಾರ ಮಾಡಿದೆ. ಅಪ್ಪ ಪಕ್ಕದಲ್ಲೇ ನಿಂತಿದ್ದರು. ಕೆಲವು ವರ್ಷಗಳ ಹಿಂದೆ ಆ ಮನುಷ್ಯ ತೀರಿಕೊಂಡಾಗ ಕಣ್ಣೀರು ಹಾಕಿದೆ.

ಹೋದ ವರ್ಷ ನಿರಪರಾಧಿಯೊಬ್ಬ ಜೈಲಿನಲ್ಲಿ ಕೊಳೆತ ಕೇಸಿನ ಬಗ್ಗೆ ಒಂದು ಪುಸ್ತಕ ಓದಿದೆ. ಬರೆದವರು ಹಳೆಯ ಕೋರ್ಟು ಕಾಗದಗಳನ್ನು ಒಂದೊಂದಾಗಿ ಬಿಡಿಸಿ ತಪ್ಪು ಎಲ್ಲಾಯಿತೆಂದು ತೋರಿಸಿದ್ದರು. ದೊಡ್ಡತ್ತೆಯ ಕಾಗದಗಳಲ್ಲೂ ನಿಜವಾದ ಕೊಲೆಗಾರನ ಸುಳಿವು ಇದ್ದೀತು ಅನ್ನಿಸಿತು. ವಕೀಲೆಯಾಗಿರುವ ನನ್ನ ಹಳೆಯ ವಿದ್ಯಾರ್ಥಿನಿಯ ಕೈಲಿ ತೀರ್ಪಿನ ನಕಲಿಗೆ ಅರ್ಜಿ ಹಾಕಿಸಿದೆ.

ನಕಲು ಬಂದ ದಿನ ಸ್ಟಾಫ್ ರೂಮಿನಲ್ಲೇ ಕೂತು ಓದಿದೆ. ಮೂರನೇ ಸಾಕ್ಷಿ, ಮೃತಳ ತಮ್ಮ, ನನ್ನ ಅಪ್ಪ. ಆರೋಪಿ ಗುದ್ದಲಿ ಹಿಡಿದು ತೋಟದಿಂದ ಓಡಿಬಂದದ್ದನ್ನು ಕಂಡೆ, ಕೂಗಿದರೂ ನಿಲ್ಲಲಿಲ್ಲ ಎಂದು ಅವರು ಪೊಲೀಸರಿಗೆ ಹೇಳಿದ್ದರು. ಕೋರ್ಟಿನಲ್ಲಿ, ಆ ದಿನ ನಾನು ಚನ್ನಪಟ್ಟಣದಲ್ಲಿದ್ದೆ, ಏನನ್ನೂ ನೋಡಿಲ್ಲ, ಪೊಲೀಸರು ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡರು ಎಂದುಬಿಟ್ಟಿದ್ದರು. ಕಣ್ಣಾರೆ ಕಂಡ ಬೇರೆ ಸಾಕ್ಷಿ ಇರಲಿಲ್ಲ. ಕೇಸು ಅಲ್ಲಿಗೆ ಬಿದ್ದಿತ್ತು.

ಅಪ್ಪ ಆ ದಿನ ಚನ್ನಪಟ್ಟಣಕ್ಕೆ ಹೋಗಿರಲಿಲ್ಲ. ನಾವಿಬ್ಬರೂ ಒಟ್ಟಿಗೆ ಊಟಕ್ಕೆ ಕೂತದ್ದು, ಅಕ್ಕ ಇನ್ನೂ ಬರಲಿಲ್ಲವಲ್ಲ ಎಂದು ಅವರು ಮುದ್ದೆ ಅರ್ಧಕ್ಕೆ ಬಿಟ್ಟು ಎದ್ದು ಹೋದದ್ದು ನನಗೆ ಚೆನ್ನಾಗಿ ನೆನಪಿದೆ. ಬೆಲ್ ಆಯಿತು. ಹೋಗಿ ಪಾಠ ಮಾಡಿದೆ. ಏನು ಪಾಠ ಮಾಡಿದೆನೋ ತಿಳಿಯದು.

ಭಾನುವಾರ ಅಕ್ಕೂರಿಗೆ ಹೋದೆ. ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಅಪ್ಪ ಅಂಗಳದಲ್ಲಿ ಉಜ್ಜುತ್ತಿದ್ದರು. ಕಾಗದ ತೋರಿಸಿ, ಅದರಲ್ಲಿದ್ದುದನ್ನು ಹೇಳಿದೆ. ಉಜ್ಜುವುದನ್ನು ನಿಲ್ಲಿಸಿದರು.

"ಇನ್ನೊಬ್ಳು ಆ ಮನೇಲಿ ಬಾಳ್ತಿದ್ಲು ಕಣವ್ವ. ನಾನು ಬಾಯಿ ಬುಟ್ಟಿದ್ರೆ ಅವಳ್ನ ಬಾಳಕ್ಕೆ ಬುಡ್ತಿದ್ರಾ?"

ನನ್ನ ಸಿಟ್ಟು ಅರ್ಧ ಇಳಿಯಿತು. ಸತ್ತ ಅಕ್ಕ, ಬದುಕಿರುವ ತಂಗಿ. ನಡುವೆ ಈ ಮನುಷ್ಯ ಏನು ಮಾಡಬಹುದಿತ್ತು? ಆದರೂ ಹೊಟ್ಟೆಯಲ್ಲಿ ಉಳಿದದ್ದನ್ನು ಕೇಳಿದೆ.

"ಅವ್ನ ಕಾಲಿಗೆ ಬೀಳಕ್ಕೆ ನನ್ನ ಬುಟ್ಟಲ್ಲಪ್ಪ."

ಅಪ್ಪ ಮತ್ತೆ ಚಂದ್ರಿಕೆ ಉಜ್ಜತೊಡಗಿದರು.

ಚಿಕ್ಕತ್ತೆ ಈಗ ಚನ್ನಪಟ್ಟಣದಲ್ಲಿ ಮಗಳ ಮನೆಯಲ್ಲಿದ್ದಾರೆ. ವಾಪಸ್ ಬರುವಾಗ ಅಲ್ಲಿಗೆ ಹೋದೆ. ನಿಮಗೋಸ್ಕರ ಅಪ್ಪ ಸುಳ್ಳು ಹೇಳಿದರಂತೆ, ಪಾಪ ಎಂದೆ. ಅವರು ನನ್ನ ಮುಖವನ್ನೇ ನೋಡಿದರು.

"ನನ್ನ ಹೆಸ್ರು ಹೇಳ್ದಾನಾ? ಬಟ್ಟೆ ಗಂಟು ಕಟ್ಕೊಂಡು, ಮಕ್ಳ ಕರ್ಕೊಂಡು ನಿಮ್ಮನೆ ಬಾಗ್ಲಿಗೆ ಬಂದಿದ್ದೆ ಕಣವ್ವ. ಅಕ್ಕನ್ನ ಕೊಂದೋನ ಮನೇಲಿ ನಾನಿರಲ್ಲ, ಕಂಡಿದ್ದ ಕೋರ್ಟಲ್ಲಿ ಹೇಳು ಅಂತ ಅಂಗಲಾಚ್ದೆ. ಊರೋರು ಕೂತು ಮಾತಾಡಾಗೈತೆ, ಸುಮ್ನೆ ಹೋಗು ಅಂತ ಕಳಿಸ್ಬುಟ್ಟ."

ಊರವರು ಕೂತು ಮಾಡಿದ್ದೇನೆಂಬುದನ್ನೂ ಅವರೇ ಹೇಳಿದರು. ದೊಡ್ಡತ್ತೆ ಯಾವ ದಾರಿಗಾಗಿ ಜಗಳವಾಡಿದ್ದರೋ ಅದನ್ನು ಆ ಮನೆಯವರು ಅಪ್ಪನಿಗೆ ಬಿಟ್ಟುಕೊಟ್ಟರು. ದೊಡ್ಡತ್ತೆಗೆ ಮಕ್ಕಳಿರಲಿಲ್ಲ, ತೋಟವೂ ಅಪ್ಪನದಾಯಿತು. ಅದೇ ತೋಟದ ಬೆಳೆಯಿಂದ ನಾನು ಬಿ.ಎಡ್. ಓದಿದ್ದು.

ಆಮೇಲೆ ಚಿಕ್ಕತ್ತೆ, ಕಾಗದದಲ್ಲಿರುವುದನ್ನು ಓದಿ ಹೇಳು ಎಂದರು. ತೀರ್ಪು ಇಂಗ್ಲಿಷಿನಲ್ಲಿತ್ತು. ಒಂದೊಂದೇ ಸಾಲನ್ನು ಕನ್ನಡ ಮಾಡಿ ಹೇಳಿದೆ. ಅಣ್ಣನ ಮಾತು ಬಂದಾಗ ಇನ್ನೊಮ್ಮೆ ಓದಿಸಿಕೊಂಡರು. ಅಳಲಿಲ್ಲ.

ಆರೋಪಿ ಸತ್ತಿರುವಾಗ ಇನ್ನು ಯಾವ ಕೇಸೂ ಇಲ್ಲ ಎಂದು ವಕೀಲೆ ಹೇಳಿದಳು. ಅಕ್ಕೂರಿಗೆ ನಾನು ಮತ್ತೆ ಹೋಗಿಲ್ಲ. ಅಪ್ಪ ವಾರಕ್ಕೊಂದು ಸಲ ಫೋನ್ ಮಾಡುತ್ತಾರೆ. ಊಟ ಆಯ್ತಾ ಎಂದು ಕೇಳುತ್ತಾರೆ. ಆಯಿತು ಎನ್ನುತ್ತೇನೆ. ಇಬ್ಬರೂ ಒಂದಷ್ಟು ಹೊತ್ತು ಫೋನ್ ಹಿಡಿದುಕೊಂಡಿರುತ್ತೇವೆ. ಅವರು ಏನಾದರೂ ಹೇಳುತ್ತಾರೇನೋ ಎಂದು ನಾನು ಕಾಯುತ್ತೇನೆ.